ಸೋಪಿನ ಡಬ್ಬಿಯ ಪ್ರಾಣಿ, ಅರಮನೆ ಬಾಗಿಲಿನ ಹಕ್ಕಿ

ಮನೆಯಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ ಇದ್ದರೆ ಒಮ್ಮೆ ತೆಗೆದು ನೋಡಿ. ಅದರ ಮೇಲೊಂದು ಪ್ರಾಣಿ ಇದೆ. ಮೈ ಸಿಂಹದ್ದು, ತಲೆ ಆನೆಯದ್ದು. ಹೆಸರು ಶರಭ. ಮೈಸೂರು ಒಡೆಯರ ಮನೆತನದ ಲಾಂಛನದಲ್ಲಿ ಎಡಕ್ಕೊಂದು ಬಲಕ್ಕೊಂದು ನಿಂತು ಕಾವಲು ಕಾಯುವ ಜೋಡಿಯೂ ಇದೇ. ನಡುವೆ ಇರುವುದು ಎರಡು ತಲೆಯ ಹಕ್ಕಿ, ಗಂಡಭೇರುಂಡ.

ಈ ‘ಗಂಡ’ ಹೆಂಡತಿಯ ಗಂಡ ಅಲ್ಲ. ಹಳಗನ್ನಡದಲ್ಲಿ ಗಂಡ ಅಂದರೆ ಶೂರ, ಎದುರಾಳಿಯನ್ನು ಮಣಿಸುವವನು. ಒಡೆಯರಿಗೆ ‘ಬಿರುದೆಂತೆಂಬರ ಗಂಡ’ ಎಂಬ ಬಿರುದಿತ್ತಲ್ಲ, ಅಲ್ಲಿರುವವನೂ ಇದೇ ಗಂಡ. ನನಗೆ ಬಿರುದಿದೆ ಅಂತ ಮೆರೆಯುವವರ ಸೊಕ್ಕು ಮುರಿಯುವವನು.

ಹಕ್ಕಿಯನ್ನು ಒಡೆಯರು ಹೊಸದಾಗಿ ಹುಟ್ಟಿಸಿದ್ದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಲುಕ್ಯರ ಸಾಮಂತ ಚಾವುಂಡರಾಯರಸ ನಿಲ್ಲಿಸಿದ ಎತ್ತರದ ಕಂಬ ಇದೆ. ಅಲ್ಲಿನ ಗಂಡಭೇರುಂಡಕ್ಕೆ ಮೈ ಮನುಷ್ಯನದು, ತಲೆಗಳು ಮಾತ್ರ ಹಕ್ಕಿಯವು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಅದೇ ಹಕ್ಕಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಹಿಡಿದು ಹಾರುತ್ತಿದೆ. ನಾಣ್ಯ ಬೆರಳ ತುದಿಯಷ್ಟು. ಅಷ್ಟರಲ್ಲೇ ನಾಲ್ಕು ಆನೆ!

ಈ ಹಕ್ಕಿಯ ಅರ್ಥ ಚೆನ್ನಾಗಿ ಗೊತ್ತಾಗಬೇಕಾದರೆ ಬೇಲೂರಿಗೆ ಹೋಗಬೇಕು. ಚೆನ್ನಕೇಶವ ದೇವಸ್ಥಾನದಲ್ಲಿ ಒಂದು ಸಾಲು ಕೆತ್ತನೆ ಇದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ. ಕೊನೆಗೆ ಶರಭನನ್ನು ಹಿಡಿದಿರುವುದು ಗಂಡಭೇರುಂಡ. ಅದಕ್ಕಿಂತ ಮೇಲೆ ಯಾರೂ ಇಲ್ಲ. ರಾಜನಿಗೆ ಇದಕ್ಕಿಂತ ಒಳ್ಳೆ ಗುರುತು ಬೇಕಾ?

ಪುರಾಣದ ಜಗಳವೂ ಇದೇ. ಉಗ್ರನಾದ ನರಸಿಂಹನನ್ನು ತಣ್ಣಗಾಗಿಸಲು ಶಿವ ಶರಭನಾದ ಅಂತ ಶೈವರು ಹೇಳಿದರೆ, ಆ ಶರಭನನ್ನು ಮಣಿಸಲು ವಿಷ್ಣು ಗಂಡಭೇರುಂಡನಾದ ಅಂತ ವೈಷ್ಣವರು ಮುಂದುವರಿಸಿದರು. ಹೀಗೆ ಕಥೆಯಲ್ಲಿ ಕಡುವೈರಿಗಳಾದವರು ಒಡೆಯರ ಲಾಂಛನದಲ್ಲಿ ಒಟ್ಟಿಗಿದ್ದಾರೆ. ಸೋತವನೇ ಕಾವಲಿಗೆ ನಿಂತಿದ್ದಾನೆ. ನನಗಂತೂ ಇಡೀ ಲಾಂಛನದಲ್ಲಿ ಜಾಸ್ತಿ ಇಷ್ಟವಾಗುವುದು ಇದೇ.

ಹಕ್ಕಿ ನಮ್ಮದೇ. ಆದರೆ ನಡುವೆ ಗುರುತು, ಎರಡೂ ಕಡೆ ಪ್ರಾಣಿ, ಕೆಳಗೆ ಧ್ಯೇಯವಾಕ್ಯ ಅನ್ನುವ ಆ ಜೋಡಣೆ ಯುರೋಪಿನದು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದರು. ಆ ದರ್ಬಾರಿಗಾಗಿ ರಾಬರ್ಟ್ ಟೇಲರ್ ಎಂಬ ಅಧಿಕಾರಿ ಇಲ್ಲಿನ ಹಲವು ರಾಜರಿಗೆ ಇಂಗ್ಲಿಷ್ ಮಾದರಿಯ ಲಾಂಛನ ಬರೆದ. ಅವನ್ನು ಬಾವುಟಗಳಲ್ಲಿ ಹೊಲಿಸಿ ಹಂಚಿದರು. ಹೊರಲು ಕಷ್ಟವಾಗುವಷ್ಟು ಭಾರ ಇದ್ದವಂತೆ! ಮೈಸೂರು ಆಗ ಒಡೆಯರ ಕೈಯಲ್ಲಿ ಇರಲೇ ಇಲ್ಲ. 1831ರಿಂದ 1881ರವರೆಗೆ ಆಡಳಿತ ಬ್ರಿಟಿಷರದೇ. ರಾಜ್ಯ ಅವರ ಹತ್ತಿರ, ಬಿರುದು ಬಾವುಟ ಮಾತ್ರ ಇವರಿಗೆ.

ಮೈಸೂರು ಅರಮನೆಯ ಬಾಗಿಲಿನ ಕಮಾನಿನಲ್ಲಿ ಲಾಂಛನದ ಜೊತೆ ಇರುವ ಮಾತು ‘ನ ಬಿಭೇತಿ ಕದಾಚನ’. ಯಾವತ್ತೂ ಹೆದರುವುದಿಲ್ಲ ಅಂತ. ಓದಿದ ತಕ್ಷಣ ಕತ್ತಿ, ಕುದುರೆ, ಯುದ್ಧ ನೆನಪಾಗುತ್ತದೆ ಅಲ್ವಾ? ಆದರೆ ಇದು ತೈತ್ತಿರೀಯ ಉಪನಿಷತ್ತಿನ ಸಾಲು. ಬ್ರಹ್ಮದ ಆನಂದ ತಿಳಿದವನು ಹೆದರುವುದಿಲ್ಲ ಅನ್ನುವುದು ಅಲ್ಲಿನ ಮಾತು. ಯುದ್ಧದ ಸುದ್ದಿಯೇ ಇಲ್ಲ.

ಇವತ್ತು ಆ ಹಕ್ಕಿ ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ, ಕೆಎಸ್‌ಆರ್‌ಟಿಸಿ ಗುರುತಿನಲ್ಲಿದೆ, ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪತ್ರದಲ್ಲಿದೆ. ವಿಶ್ವವಿದ್ಯಾನಿಲಯದಲ್ಲಿ ‘ಸತ್ಯಮೇವೋದ್ಧರಾಮ್ಯಹಂ’ ಅನ್ನುವ ಮಾತು ಇದೆ: ನಾನು ಸತ್ಯವನ್ನೇ ಎತ್ತಿ ಹಿಡಿಯುತ್ತೇನೆ. ಸರ್ಕಾರದ ಲಾಂಛನದಲ್ಲಿ ಹಕ್ಕಿಯ ಮೇಲೆ ಅಶೋಕನ ಸಿಂಹಗಳು ಬಂದು ಕೂತಿವೆ, ಕೆಳಗೆ ‘ಸತ್ಯಮೇವ ಜಯತೇ’. ಅಲ್ಲಿ ‘ನಾನು’ ಇಲ್ಲ.