ಹಳೆಯ ಲೂಬ್ರಿಸೈಜರ್: ಲೂಬ್ ಬುಲೆಟ್‌ನ ತಳಕ್ಕೇ ಯಾಕೆ ಮೆತ್ತುತ್ತದೆ?

ಪ್ರಶ್ನೆ: ಎರಕದ ಬುಲೆಟ್‌ಗಳಿಗೆ ಅಳತೆ ಕೊಟ್ಟು ಲೂಬ್ (ಮೇಣದಂಥ ಜಿಡ್ಡು) ತುಂಬುವ ಹಳೆಯ ಲೈಮನ್ 450 ಲೂಬ್ರಿಸೈಜರ್ ಕೊಂಡಿದ್ದೇನೆ. ಕೆಲವು ಬುಲೆಟ್‌ಗಳ ಗ್ರೂವ್ (ಲೂಬ್ ಕೂರುವ ಸುತ್ತುತೋಡು) ಅರ್ಧಂಬರ್ಧ ತುಂಬುತ್ತದೆ, ಕೆಲವಕ್ಕೆ ತಳದ ತುಂಬಾ ಲೂಬ್. ಒತ್ತಡ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ಇನ್ನಷ್ಟು ಕೆಡುತ್ತದೆ. ಒತ್ತಡಕ್ಕೆ ಕೈಹಾಕುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಯಂತ್ರ ಶುದ್ಧವಾಗಬೇಕು, ಆಮೇಲೆ ಬುಲೆಟ್ ಇಳಿಯುವ ಆಳ ಸರಿಯಾಗಬೇಕು.

ಹಳೆಯ ಯಂತ್ರದ ಹೊಟ್ಟೆಯಲ್ಲಿ ಯಾವ ಕಾಲದ, ಯಾವ ಬಗೆಯ ಲೂಬ್ ಇದೆಯೋ ಹೇಳಲಾಗದು. ಅದರ ಮೇಲೆಯೇ ಹೊಸದನ್ನು ತುಂಬಬೇಡಿ. ರ‍್ಯಾಚೆಟ್ಟನ್ನು (ಲೂಬ್ ಒತ್ತುವ ಸ್ಕ್ರೂ ತಿರುಗಿಸುವ ಕೀಲಿ) ಹಿಂದಕ್ಕೆ ತಿರುಗಿಸಿ, ಲೂಬನ್ನು ಒತ್ತುವ ನಟ್ಟನ್ನು ಹೊರತೆಗೆಯಿರಿ. ಡೈ (ಬುಲೆಟ್ ಒಳಗಿಳಿದು ಅಳತೆಗೆ ಬರುವ ಕೊಳವೆ) ಹಿಡಿದಿರುವ ಮೇಲಿನ ನಟ್ಟನ್ನೂ ಬಿಚ್ಚಿ. ಗಟ್ಟಿಯಾದ ಲೂಬ್ ಡೈಯನ್ನು ಕಚ್ಚಿಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಹಾಯಿಸಿ. ಎರಕದ ಕಬ್ಬಿಣ ಪೆಟ್ಟು ತಡೆಯುವುದಿಲ್ಲ. ಬಿಚ್ಚಿದ ಭಾಗಗಳನ್ನು ಮಿನರಲ್ ಸ್ಪಿರಿಟ್‌ನಲ್ಲಿ ತೊಳೆದು, ಡೈಯ ಸಣ್ಣ ರಂಧ್ರಗಳಲ್ಲಿ ತೆಳು ತಂತಿ ಆಡಿಸಿ. ಅರ್ಧ ತುಂಬಿದ ಗ್ರೂವ್‌ಗೆ ಎಷ್ಟೋ ಸಲ ಕಾರಣ ಇಷ್ಟೇ: ಒಂದೆರಡು ರಂಧ್ರ ಕಟ್ಟಿಕೊಂಡಿರುತ್ತದೆ. ಒತ್ತುವ ನಟ್ಟಿನ ಓ-ರಿಂಗ್ ಸವೆದಿದ್ದರೆ ಬದಲಿಸಿ. ಇಲ್ಲವಾದರೆ ಲೂಬ್ ಕೆಳಗೆ ಹೋಗುವ ಬದಲು ನಟ್ಟಿನ ಪಕ್ಕದಿಂದ ಮೇಲೇರುತ್ತದೆ. ಹಿಡಿಯ ಕೊಂಡಿಗಳಲ್ಲಿ, ಬುಡದ ಬೋಲ್ಟ್ ಕಿವಿಗಳಲ್ಲಿ ಬಿರುಕಿದೆಯೇ ಎಂದೂ ನೋಡಿಬಿಡಿ.

ಲೈಮನ್ ಮತ್ತು ಆರ್‌ಸಿಬಿಎಸ್ ಯಂತ್ರಗಳ ಡೈ, ಟಾಪ್ ಪಂಚ್ (ಬುಲೆಟ್ಟನ್ನು ಮೇಲಿನಿಂದ ಒತ್ತುವ ತುಂಡು) ಒಂದಕ್ಕೊಂದು ಕೂಡುತ್ತವೆ. ಸ್ಟಾರ್ ಯಂತ್ರದ ಡೈಗಳು ಇವಕ್ಕೆ ಕೂಡುವುದಿಲ್ಲ, ಅದರಲ್ಲಿ ಬುಲೆಟ್ ಮೂತಿ ಮುಂದಾಗಿ ಆಚೆ ಬೀಳುತ್ತದೆ.

ಅಳತೆಯ ವಿಷಯದಲ್ಲಿ ಡೈ ಮೇಲೆ ಕೆತ್ತಿದ ಅಂಕಿಯನ್ನು ನಂಬಬೇಡಿ. ಒಂದು ಬುಲೆಟ್ ಹಾಯಿಸಿ ಮೈಕ್ರೋಮೀಟರ್‌ನಿಂದ ಅಳೆಯಿರಿ. ಡೈ ಸವೆದಿರಬಹುದು, ಮಿಶ್ರಲೋಹ ಗಟ್ಟಿಯಾಗಿದ್ದರೆ ಹೊರಬಂದ ಮೇಲೆ ತುಸು ಉಬ್ಬಲೂಬಹುದು. ನಳಿಗೆಯ ಗ್ರೂವ್ ವ್ಯಾಸಕ್ಕಿಂತ (ಒಳಗಿನ ಸುರುಳಿ ತೋಡುಗಳ ತಳದಿಂದ ತಳಕ್ಕೆ ಅಳೆದದ್ದು) 0.001ರಿಂದ 0.002 ಇಂಚು ದಪ್ಪ ಇದ್ದರೆ ಸಾಮಾನ್ಯವಾಗಿ ಸರಿ. ನಳಿಗೆ 0.357 ಇದ್ದರೆ 0.358ರಿಂದ ಶುರುಮಾಡಿ. ಅಚ್ಚಿನಿಂದ ಬಂದ ಬುಲೆಟ್ಟನ್ನು ಒಂದೇ ಸಲಕ್ಕೆ 0.003 ಇಂಚಿಗಿಂತ ಹೆಚ್ಚು ಕಿರಿದು ಮಾಡುವ ಆಸೆ ಬೇಡ, ಅದು ಓರೆಯಾಗುತ್ತದೆ.

ಟಾಪ್ ಪಂಚ್ ಬುಲೆಟ್ ಮೂತಿಯ ಆಕಾರಕ್ಕೆ ಹೊಂದಬೇಕು. ಹೊಂದದಿದ್ದರೆ ಮೂತಿಯ ಮೇಲೆ ಉಂಗುರದ ಗುರುತು ಬೀಳುತ್ತದೆ, ಬುಲೆಟ್ ಒಂದು ಕಡೆಗೆ ವಾಲಿ ಡೈಗೆ ಇಳಿಯುತ್ತದೆ. ಒಂದು ಮಗ್ಗುಲು ಮಾತ್ರ ಹೊಳೆಯುತ್ತಿದ್ದರೆ ಪಂಚ್ ಕಡೆ ನೋಡಿ. ಸರಿಯಾದ ಪಂಚ್ ಸಿಗದಿದ್ದರೆ, ಅಗಲ ಬಾಯಿಯ ಪಂಚ್‌ನ ಕುಳಿಗೆ ಎಪಾಕ್ಸಿ ತುಂಬಿ, ಎಣ್ಣೆ ಸವರಿದ ಬುಲೆಟ್ಟನ್ನು ನೇರವಾಗಿ ಒತ್ತಿ ಗಟ್ಟಿಯಾಗಲು ಬಿಡಿ. ಕೊಂಡ ಪಂಚ್‌ಗಿಂತ ಇದು ಚೆನ್ನಾಗಿ ಕೂರುವುದೂ ಉಂಟು.

ಇನ್ನು ತಳದ ಲೂಬ್. ಬುಲೆಟ್ ಡೈಯೊಳಗೆ ಒಂದು ಪಿನ್ನಿನ ಮೇಲೆ ಕೂತು ಇಳಿಯುತ್ತದೆ. ಎಷ್ಟು ಇಳಿಯಬೇಕೆಂದು ನಿಲ್ಲಿಸುವುದು ಯಂತ್ರದ ಅಡಿಯಲ್ಲಿರುವ ಸ್ಕ್ರೂ. ಡೈಯ ರಂಧ್ರಗಳು ಬುಲೆಟ್ಟಿನ ಗ್ರೂವ್‌ಗಳ ಎದುರು ಬಂದು ನಿಂತರೆ ಕೆಲಸ ಸರಿ. ಬುಲೆಟ್ ಸಾಕಷ್ಟು ಇಳಿಯದಿದ್ದರೆ ತಳಕ್ಕಿಂತ ಕೆಳಗಿನ ರಂಧ್ರಗಳು ಪಿನ್ನಿಗೆ ಎದುರಾಗುತ್ತವೆ. ಅಲ್ಲಿಂದ ಜಿನುಗಿದ ಲೂಬ್ ತಳಕ್ಕೆ ಮೆತ್ತುತ್ತದೆ. ತೀರಾ ಆಳಕ್ಕೆ ಹೋದರೆ ಉಲ್ಟಾ, ಮೇಲಿನ ರಂಧ್ರಗಳಿಂದ ಮೂತಿಗೆ ಬರುತ್ತದೆ. ಹಾಗಾಗಿ ಒತ್ತಡವನ್ನು ಪೂರ್ತಿ ಬಿಟ್ಟು, ಸ್ಕ್ರೂವನ್ನು ಅರ್ಧರ್ಧ ಸುತ್ತು ಬದಲಿಸುತ್ತ ಐದಾರು ಬುಲೆಟ್ ಹಾಯಿಸಿ ನೋಡಿ. ಸರಿಹೋದ ಮೇಲೆ ಲಾಕ್ ನಟ್ ಬಿಗಿಯಿರಿ. ಬುಲೆಟ್ಟಿಗೆ ಒಂದೇ ಗ್ರೂವ್ ಇದ್ದು ಡೈಗೆ ಮೂರು ಸಾಲು ರಂಧ್ರ ಇದ್ದರೆ, ಬೇಡದ ಸಾಲುಗಳಿಗೆ ಶಾಟ್‌ಗನ್ನಿನ ಸಣ್ಣ ಸೀಸದ ಚರೆ, 8 ಅಥವಾ 9ನೆಯ ನಂಬರಿನದು, ತುರುಕಿ ಮುಚ್ಚುವುದೇ ಮದ್ದು. ತಳದ ಅಂಚು ಓರೆಯಾಗಿರುವ ಬುಲೆಟ್‌ಗಳಿಗಂತೂ ಏನು ಮಾಡಿದರೂ ಆ ಓರೆಯಲ್ಲಿ ಸ್ವಲ್ಪ ಮೆತ್ತಿಯೇ ತೀರುತ್ತದೆ, ಒರೆಸಿ ಬಿಡಿ. ತಳದ ಲೂಬನ್ನು ಹಾಗೇ ಬಿಟ್ಟರೆ ಕಾರ್ಟ್ರಿಜ್ ಒಳಗಿನ ಸಿಡಿಮದ್ದಿನ ಪುಡಿಗೆ ಅಂಟುತ್ತದೆ.

ಈಗ ಒತ್ತಡ. ಹೊಸ ಲೂಬ್ ಕಡ್ಡಿಯ ಸುತ್ತ ಗಾಳಿ ಇರುವುದರಿಂದ ಮೊದಲ ಕೆಲವು ಬುಲೆಟ್ ಬರಿದಾಗಿಯೇ ಬರುತ್ತವೆ. ಅವನ್ನು ಮತ್ತೆ ಹಾಯಿಸಿ. ಆಮೇಲೆ ಮೂರು ನಾಲ್ಕು ಬುಲೆಟ್ಟಿಗೊಮ್ಮೆ ರ‍್ಯಾಚೆಟ್ ಕಾಲು ಸುತ್ತು, ಪ್ರತಿ ಬುಲೆಟ್ಟಿಗೂ ಹಿಡಿಯನ್ನು ಕೆಳಗೆ ಒಂದೆರಡು ಸೆಕೆಂಡ್ ತಡೆದು ಹಿಡಿಯಿರಿ, ಲೂಬ್ ಹರಿಯಲು ಹೊತ್ತು ಬೇಕು. ಹಿಡಿ ಎತ್ತಿದಾಗ ಡೈ ಬಾಯಲ್ಲಿ ಲೂಬ್ ತಾನಾಗಿ ಉಬ್ಬಿ ಬರುತ್ತಿದ್ದರೆ ಒತ್ತಡ ಜಾಸ್ತಿಯಾಯಿತೆಂದು ತಿಳಿಯಿರಿ. ಜೇನುಮೇಣ, ಆಲಾಕ್ಸ್ ಎಂಬ ಜಿಡ್ಡು ಸಮಸಮ ಬೆರೆಸಿದ ಮೆತ್ತನೆಯ ಲೂಬ್ ಕೋಣೆಯ ಬಿಸಿಯಲ್ಲೇ ಹರಿಯುತ್ತದೆ. ಕಾರ್ನೌಬಾ ಮೇಣ ಬೆರೆತ ಗಟ್ಟಿ ಲೂಬ್‌ಗೆ ಯಂತ್ರದ ಬುಡಕ್ಕೆ ಹೀಟರ್ ಬೇಕು. ಅದಿಲ್ಲದೆ ರ‍್ಯಾಚೆಟ್ಟನ್ನು ಬಲವಾಗಿ ತಿರುಗಿಸಿದರೆ ಸ್ಕ್ರೂವಿನ ಮರೆ ಸವೆದುಹೋಗುತ್ತದೆ, ಗ್ರೂವ್ ಮಾತ್ರ ತುಂಬುವುದಿಲ್ಲ.

ಗ್ಯಾಸ್ ಚೆಕ್ (ಬುಲೆಟ್ ತಳಕ್ಕೆ ತೊಡಿಸುವ ಲೋಹದ ಪುಟ್ಟ ಬಟ್ಟಲು) ಹಾಕುವವರು ಅದನ್ನು ಬುಲೆಟ್ ತಳಕ್ಕೆ ಮೊದಲೇ ನೇರವಾಗಿ ಕೂರಿಸಿ ಡೈಗೆ ಇಳಿಸಬೇಕು, ಓರೆಯಾಗಿ ಕೂತದ್ದನ್ನು ಡೈ ನೆಟ್ಟಗೆ ಮಾಡುವುದಿಲ್ಲ. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.