ತರಬೇತಿ ಮುಗಿದ ಮೇಲೆ ಏನು? ಕೊಡಗಿನ ಅಂಗನವಾಡಿ, ಶಿಶುಪಾಲನಾ ಕೇಂದ್ರಗಳ ಕಲಿಕಾರ್ಥಿಗಳಿಗೊಂದು ಟಿಪ್ಪಣಿ

1951ರ ತೋಟ ಕಾರ್ಮಿಕರ ಕಾಯ್ದೆಯ 12ನೇ ಕಲಮನ್ನು ಕೊಡಗಿನಲ್ಲಿ ಮಕ್ಕಳ ಕೆಲಸ ಮಾಡುವವರೆಲ್ಲ ಒಮ್ಮೆ ಓದಬೇಕು. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ಅಲ್ಲಿ ಗಾಳಿ ಬೆಳಕು ಚೆನ್ನಾಗಿರಬೇಕು, ಕೋಣೆ ಚೊಕ್ಕಟವಾಗಿರಬೇಕು ಎಂದು ಹೇಳಿದ ಆ ಕಲಮು, ಕೇಂದ್ರದ ಉಸ್ತುವಾರಿ ಮಕ್ಕಳ ಪಾಲನೆಯಲ್ಲಿ ತರಬೇತಿ ಪಡೆದ ಮಹಿಳೆಯದ್ದಾಗಿರಬೇಕು ಎಂದೂ ಸೇರಿಸಿತ್ತು. ಈ ಕಾಯ್ದೆಯ ಜಾಗಕ್ಕೆ ಈಗ 2020ರ ಕಾರ್ಮಿಕ ಸಂಹಿತೆಯೊಂದು ಬಂದಿರುವುದರಿಂದ ಪರೀಕ್ಷೆಗೆ ಓದುವವರು ಎರಡನ್ನೂ ನೋಡಿಕೊಳ್ಳಿ. ಕೆಲಸಕ್ಕೆ ಹೋಗಲಾಗದ ಅಜ್ಜಿಯೊಬ್ಬರನ್ನು ಲೈನ್ ಮನೆಯ ಜಗಲಿಯಲ್ಲಿ ಕೂರಿಸಿ, ‘ಮಕ್ಕಳನ್ನು ಸ್ವಲ್ಪ ನೋಡಿಕೊಳ್ಳಿ’ ಎಂದರೆ ಸಾಕು ಎಂದುಕೊಂಡವರು ಇಂದಿಗೂ ಇದ್ದಾರೆ. ಕಾನೂನು ಎಪ್ಪತ್ತು ವರ್ಷಗಳ ಹಿಂದೆಯೇ ಹಾಗೆ ಅಂದುಕೊಂಡಿರಲಿಲ್ಲ.

ಕೇಂದ್ರದಲ್ಲಿ ದುಡಿಯುತ್ತಲೇ ಶಿಶು ಶಿಕ್ಷಣದ ಡಿಪ್ಲೊಮಾ ಓದುತ್ತಿರುವವರು, ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆಗೆ ತಯಾರಾಗುತ್ತಿರುವವರು, ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆಗೆ ಹೊಸದಾಗಿ ಸೇರಿದವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ. ‘ವೃತ್ತಿ ವಿಕಾಸ’ ಎಂಬ ಪಾಠದಲ್ಲಿ ಹತ್ತಾರು ವ್ಯಾಖ್ಯೆಗಳಿವೆ. ಅವುಗಳ ಹಿಂದಿರುವ ಪ್ರಶ್ನೆ ಮಾತ್ರ ಒಂದೇ: ತರಬೇತಿ ಕೊಠಡಿಯಲ್ಲಿ ಕೇಳಿದ್ದರಲ್ಲಿ ಎಷ್ಟು ಕೇಂದ್ರದ ಬಾಗಿಲವರೆಗೆ ಬರುತ್ತದೆ?

ಇರುವ ತರಬೇತಿಗಳು, ಚುಟುಕಾಗಿ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದ ಮೊದಲ ಯೋಜನೆ ನಮ್ಮ ನೆರೆಯ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಆರೋಗ್ಯ ಮತ್ತು ಪೌಷ್ಟಿಕತೆಯ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವುದು ಎಂಬ ಆರು ಸೇವೆಗಳು ಅಂದಿನಿಂದ ಇಂದಿನವರೆಗೂ ಪರೀಕ್ಷೆಯಲ್ಲಿ ಬರುತ್ತವೆ. ಹಳೆಯ ಕಾರ್ಯಕರ್ತೆಯರಿಗೆ ಗೊತ್ತಿರುವುದು ಕೆಲಸಕ್ಕೆ ಸೇರಿದಾಗಿನ ಉದ್ಯೋಗ ತರಬೇತಿ, ಆಮೇಲಿನ ಪುನಶ್ಚೇತನ ತರಬೇತಿ. 2018ರ ಮಾರ್ಚ್ 8ರಂದು ಪೋಷಣ್ ಅಭಿಯಾನ ಬಂದಾಗ ರೀತಿ ಬದಲಾಯಿತು. ಎಲ್ಲವನ್ನೂ ಒಂದೇ ಸಲ ತುಂಬುವ ಬದಲು 21 ಘಟಕಗಳನ್ನು ತಿಂಗಳಿಗಿಷ್ಟು ಎಂದು ಹಂಚಿ, ಸಭೆಯಲ್ಲಿ ಕಲಿತದ್ದನ್ನು ಮರುದಿನವೇ ಮನೆ ಭೇಟಿಯಲ್ಲಿ ಮಾಡಿ ನೋಡುವಂತೆ ರೂಪಿಸಿದರು. ನನ್ನ ಲೆಕ್ಕದಲ್ಲಿ ಇದುವರೆಗೆ ಬಂದ ತರಬೇತಿ ಕ್ರಮಗಳಲ್ಲಿ ಹೆಚ್ಚು ವಿವೇಕದ್ದು ಇದೇ.

2023ರ ಮೇ 10ರಂದು ‘ಪೋಷಣ್ ಭಿ, ಪಢಾಯಿ ಭಿ’ ಆರಂಭವಾಯಿತು. ಅಂಗನವಾಡಿ ಊಟದ ಕೇಂದ್ರವಷ್ಟೇ ಅಲ್ಲ, ಕಲಿಕೆಯ ಕೇಂದ್ರವೂ ಹೌದು ಎಂದು ಒಪ್ಪಿಕೊಂಡ ಕಾರ್ಯಕ್ರಮ ಇದು. ಇದಕ್ಕೆ ಜೋಡಿಯಾಗಿ ಎರಡು ದಾಖಲೆಗಳಿವೆ. ಹುಟ್ಟಿನಿಂದ ಮೂರು ವರ್ಷದವರಿಗೆ ‘ನವಚೇತನ’, ಅದರಲ್ಲಿ 36 ತಿಂಗಳಿಗೆ ಹಂಚಿದ 140 ಚಟುವಟಿಕೆಗಳಿವೆ. ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’, ಅದು 48 ವಾರಗಳ ಪಠ್ಯಕ್ರಮ. ನಮ್ಮ ರಾಜ್ಯದ ಶಾಲಾಪೂರ್ವ ಚಟುವಟಿಕೆ ಪುಸ್ತಕ ‘ಚಿಲಿಪಿಲಿ’ ಎಲ್ಲರ ಕೈಯಲ್ಲೂ ಇದ್ದದ್ದೇ. ಹುಟ್ಟಿನಿಂದ ಮೂರು ವರ್ಷದ ಭಾಗವನ್ನು ಹಾರಿಸಿ ಓದುವ ಚಾಳಿ ನಮ್ಮಲ್ಲಿ ಹಲವರಿಗಿದೆ, ಆ ವಯಸ್ಸಿನ ಮಕ್ಕಳು ಕೇಂದ್ರದಲ್ಲಿ ಕೂರುವುದಿಲ್ಲವಲ್ಲ ಎಂದು. ಕೂಸಿನ ಮನೆಯಲ್ಲೂ ತೋಟದ ಶಿಶುಪಾಲನಾ ಕೇಂದ್ರದಲ್ಲೂ ಕೂರುವವರು ಅವರೇ.

ಸೋರಿಕೆ ಎಲ್ಲಿ?

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರಾಧ್ಯಾಪಕರು 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲುಗಳನ್ನು ಮುಂದಿಟ್ಟರು. ಬಂದವರಿಗೆ ತರಬೇತಿ ಹಿಡಿಸಿತೇ? ಏನಾದರೂ ಕಲಿತರೇ? ಕೆಲಸದ ಜಾಗದಲ್ಲಿ ನಡವಳಿಕೆ ಬದಲಾಯಿತೇ? ಕೊನೆಗೆ ಫಲ ಕಂಡಿತೇ, ನಮ್ಮ ಮಟ್ಟಿಗೆ ಹೇಳುವುದಾದರೆ ಮಗುವಿನಲ್ಲಿ? ನಮ್ಮ ತರಬೇತಿಗಳ ಕೊನೆಯ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರ ಮೊದಲ ಮೆಟ್ಟಿಲು. ತರಬೇತಿಗೆ ಮೊದಲು ಒಂದು, ಆಮೇಲೆ ಒಂದು ಎಂದು ಕೊಡುವ ಪ್ರಶ್ನೆಪತ್ರಿಕೆ ಎರಡನೆಯದು. ಅಲ್ಲಿಗೆ ಗುಂಪು ಫೋಟೊ ತೆಗೆದು ಎಲ್ಲರೂ ಬಸ್ ಹತ್ತುತ್ತಾರೆ. ಮೂರನೆಯ ಮೆಟ್ಟಿಲನ್ನು ಹತ್ತಬೇಕಾದವರು ಕೇಂದ್ರಕ್ಕೆ ಬಂದು ನೋಡಬೇಕು. ಬಂದವರು ದಾಖಲಾತಿ ಪುಸ್ತಕ, ದಾಸ್ತಾನು, ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್ ನೋಡಿ ಹೊರಡುತ್ತಾರೆ. ಅವರನ್ನೂ ದೂರಿ ಪ್ರಯೋಜನವಿಲ್ಲ, ಮೇಲಿನಿಂದ ಅವರಿಗೆ ಬರುವ ಪ್ರಶ್ನೆಗಳೂ ಅವೇ.

ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಸಂಶೋಧಕರು 1980ರ ದಶಕದಲ್ಲಿ ಶಿಕ್ಷಕರ ತರಬೇತಿಯ ಬಗ್ಗೆ ಹೇಳಿದ್ದನ್ನು ಇದರ ಜೊತೆ ಓದಿಕೊಳ್ಳಿ. ಉಪನ್ಯಾಸ, ಮಾಡಿ ತೋರಿಸುವುದು, ಅಲ್ಲೇ ಅಭ್ಯಾಸ ಮಾಡಿಸುವುದು, ತಿದ್ದುವುದು, ಇವೆಲ್ಲ ತಿಳಿವಳಿಕೆಯನ್ನು ಹೆಚ್ಚಿಸುತ್ತವೆ. ಆದರೆ ಕಲಿತದ್ದು ತರಗತಿಯಲ್ಲಿ ನಿಲ್ಲುವುದು ಕೆಲಸದ ಜಾಗದಲ್ಲಿ ಪಕ್ಕದಲ್ಲಿ ನಿಂತು ನೆರವಾಗುವವರು ಇದ್ದಾಗ ಮಾತ್ರ. ಆ ನೆರವಾಗುವವರು ದೊಡ್ಡ ತಜ್ಞರೇ ಆಗಬೇಕಿಲ್ಲ, ಜೊತೆಯಲ್ಲಿ ಕಲಿತ ಸಹೋದ್ಯೋಗಿಯೂ ಆಗಬಹುದು ಎಂದೂ ಅವರು ಹೇಳಿದರು. ಒಂದು ಬೆಟ್ಟದಾಚೆ ಒಂದು ಕೇಂದ್ರ ಇರುವ ನಮ್ಮ ಜಿಲ್ಲೆಗೆ ಈ ಮಾತು ಮುಖ್ಯ.

ತಕ್ಕಡಿಯ ಮುಂದೆ

ಮಾತು ಸಾಕು, ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ತೂಕ ಮತ್ತು ಎತ್ತರ ನೋಡಲು ಯಾರಿಗೆ ಬರುವುದಿಲ್ಲ? ಎಲ್ಲರಿಗೂ ಬರುತ್ತದೆ, ಪ್ರಶ್ನೆಪತ್ರಿಕೆಯಲ್ಲಿ. ಜುಲೈ ತಿಂಗಳ ಮಳೆಯಲ್ಲಿ ಮಗು ಉಣ್ಣೆಯ ಟೋಪಿ, ಸ್ವೆಟರ್, ಅದರ ಮೇಲೊಂದು ಜಾಕೆಟ್ ಹಾಕಿಕೊಂಡು ಬರುತ್ತದೆ. ಬಿಚ್ಚಿದರೆ ಚಳಿ, ಬಿಚ್ಚದಿದ್ದರೆ ತೂಕ ಸುಳ್ಳು. ಆ ಸುಳ್ಳು ಸಣ್ಣದಲ್ಲ. ಕಡಿಮೆ ತೂಕದ ಮಗುವೊಂದು ಕಾಗದದ ಮೇಲೆ ಸರಿಯಾಗಿಬಿಡಬಹುದು, ಬೇಸಿಗೆಯಲ್ಲಿ ಅದೇ ಮಗು ಇಳಿದುಹೋದಂತೆ ಕಾಣಬಹುದು. ಒಲೆ ಉರಿದು ಕೋಣೆ ಬೆಚ್ಚಗಾದ ಹೊತ್ತಿನಲ್ಲಿ ಒಂದೊಂದೇ ಮಗುವಿನ ತೂಕ ನೋಡಿ ತಕ್ಷಣ ಬಟ್ಟೆ ತೊಡಿಸುವುದು ಸಹಾಯಕಿ ಜೊತೆಗಿದ್ದರೆ ಆಗುವ ಕೆಲಸ. ಅದಕ್ಕೇ ಸಹಾಯಕಿಗೂ ಈ ತರಬೇತಿ ಬೇಕು ಎನ್ನುವುದು.

ಎರಡು ವರ್ಷ ತುಂಬದ ಮಗುವನ್ನು ಮಲಗಿಸಿ ಉದ್ದ ಅಳೆಯಬೇಕು, ಅದಕ್ಕಿಂತ ದೊಡ್ಡ ಮಗುವನ್ನು ನಿಲ್ಲಿಸಿ ಎತ್ತರ ಅಳೆಯಬೇಕು. ಚಿಕ್ಕ ಮಗು ಮಲಗಲು ಒಪ್ಪದೆ ನಿಲ್ಲಿಸಿಯೇ ಅಳೆದರೆ 0.7 ಸೆಂ.ಮೀ. ಕೂಡಿಸಬೇಕು, ದೊಡ್ಡ ಮಗುವನ್ನು ಮಲಗಿಸಿ ಅಳೆದರೆ ಅಷ್ಟನ್ನೇ ಕಳೆಯಬೇಕು. ತೋಳಿನ ಸುತ್ತಳತೆಯನ್ನು ಎಡತೋಳಿನಲ್ಲಿ, ಭುಜ ಮತ್ತು ಮೊಣಕೈಗಳ ನಡುಮಧ್ಯದಲ್ಲಿ, ಕೈಯನ್ನು ಸಡಿಲವಾಗಿ ಇಳಿಬಿಡಿಸಿ ನೋಡಬೇಕು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನಲ್ಲಿ ಅದು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರ ಒಳಗಿದ್ದರೆ ಸಾಧಾರಣ ಅಪೌಷ್ಟಿಕತೆ. ಕೆಂಪು, ಹಳದಿ, ಹಸಿರು ಬಣ್ಣಗಳ ಅಳತೆ ಪಟ್ಟಿಯನ್ನು ಬಿಗಿಯಾಗಿ ಎಳೆದರೂ ಸಡಿಲ ಬಿಟ್ಟರೂ ಮಗು ಬೇರೆ ಬಣ್ಣಕ್ಕೆ ಹೋಗುತ್ತದೆ. ಇಬ್ಬರು ಕಾರ್ಯಕರ್ತೆಯರು ಒಂದೇ ಮಗುವನ್ನು ಬೇರೆ ಬೇರೆಯಾಗಿ ಅಳೆದು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಮೂರನೆಯ ಮೆಟ್ಟಿಲಿನ ಪರೀಕ್ಷೆ ಅದು, ಖರ್ಚಿಲ್ಲದ್ದು.

ಗಮನಿಸಿ ಬರೆಯುವುದು

ಇದೊಂದು ಕಲಿತರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ ಎಂಬುದು ನನ್ನ ಹಟ. ಮಗುವಿನ ಪ್ರಗತಿ ಪುಸ್ತಕದಲ್ಲಿ ‘ಚುರುಕಾಗಿದ್ದಾನೆ’, ‘ಸ್ವಲ್ಪ ಮಂಕು’ ಎಂದು ಬರೆಯುವುದು ತೀರ್ಪು. ಹೀಗೆ ಬರೆದರೆ ಗಮನ: ‘ಮಣಿ ಪೋಣಿಸುವಾಗ ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿದ. ಆರು ಮಣಿ ಪೋಣಿಸಿ ಎದ್ದು ಕಿಟಕಿಯ ಬಳಿ ಹೋದ. ಎರಡು ಸಲ ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಒಳಗೆ ತಟ್ಟೆಯ ಸದ್ದಾದಾಗ ತಿರುಗಿದ.’ ತೀರ್ಪಿನಿಂದ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ, ಈ ನಾಲ್ಕು ವಾಕ್ಯಗಳಿಂದ ತಿಳಿಯುತ್ತದೆ. ಬೆರಳುಗಳ ಹಿಡಿತ ಚೆನ್ನಾಗಿದೆ. ಹೆಸರಿಗೆ ತಿರುಗದಿರಲು ಕಾರಣ ಎರಡು ಮೂರು ಇರಬಹುದು. ಆಧಾರ್ ಕಾರ್ಡಿನ ಹೆಸರಿನಿಂದ ನಾವು ಕರೆಯುತ್ತಿರಬಹುದು, ಮನೆಯಲ್ಲಿ ಅವನಿಗೆ ಬೇರೆ ಹೆಸರೇ ಇರಬಹುದು. ಮೊದಲು ತಾಯಿಯನ್ನು ಕೇಳಬೇಕು. ಮನೆಯ ಹೆಸರಿಗೂ ತಿರುಗದಿದ್ದರೆ ತಟ್ಟೆಯಂಥ ಜೋರು ಸದ್ದು ಮಾತ್ರ ಕೇಳುತ್ತಿದೆಯೇ ಎಂದು ನೋಡಬೇಕು, ಸಂಶಯ ಬಂದರೆ ತಡ ಮಾಡದೆ ಆರೋಗ್ಯ ತಂಡಕ್ಕೆ ತಿಳಿಸಬೇಕು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ತಪಾಸಣೆ ವರ್ಷಕ್ಕೆ ಎರಡು ಸಲ ಇದೆ. ಹುಟ್ಟಿನಿಂದ ಬಂದ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿನ ವಿಳಂಬ, ಈ ನಾಲ್ಕನ್ನು ಹುಡುಕುವ ಆ ವೈದ್ಯರ ಕೈಗೆ ‘ಮಂಕು’ ಎಂಬ ಒಂದು ಮಾತು ಕೊಡುವುದಕ್ಕೂ ಈ ನಾಲ್ಕು ವಾಕ್ಯ ಕೊಡುವುದಕ್ಕೂ ಅಜಗಜಾಂತರವಿದೆ.

ಮಣಿಯ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಸ್ಥಳೀಯ ವಸ್ತುಗಳಿಂದ ಕಲಿಸಿ ಎಂದು ತರಬೇತಿಯಲ್ಲಿ ಹೇಳಿದ ಕೂಡಲೇ ಕೊಡಗಿನಲ್ಲಿ ಕಾಫಿ ಬೀಜ, ಮೆಣಸಿನ ಕಾಳು ಹೊರಬರುತ್ತವೆ. ಮೂರು ವರ್ಷದೊಳಗಿನವರ ಮುಂದೆ ಅವು ಬೇಡ. ಬಾಯೊಳಗೆ ಪೂರ್ತಿ ಹೋಗುವುದೆಲ್ಲ ಆ ವಯಸ್ಸಿನಲ್ಲಿ ಗಂಟಲಿಗೂ ಹೋಗುತ್ತದೆ, ಕಾಳಾದರೆ ಮೂಗಿಗೂ ಕಿವಿಗೂ. ಕಿತ್ತಳೆ ಹಣ್ಣನ್ನು ಉರುಳಿಸಲಿ, ಬುಟ್ಟಿಗೆ ಹಾಕಿ ತೆಗೆಯಲಿ.

ಎಷ್ಟೊಂದು ಮಾತುಗಳು

ರಾಷ್ಟ್ರೀಯ ಶಿಕ್ಷಣ ನೀತಿ 2020 ಮನೆಮಾತಿನಲ್ಲಿ ಕಲಿಕೆ ಎನ್ನುತ್ತದೆ. ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಒಂದು ಕೇಂದ್ರದಲ್ಲಿ ಕೊಡವ ತಕ್ಕ್, ಮಲಯಾಳಂ, ಯರವ ನುಡಿ, ತಮಿಳು, ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದವರ ಮಾತು ಒಟ್ಟಿಗೆ ಇರಬಹುದು. ಮಡಿಕೇರಿಯ ಸುತ್ತಮುತ್ತ ಅರೆಭಾಷೆ, ತುಳು ಸೇರುತ್ತವೆ. ಯಾವ ಮನೆಮಾತು? ನೀತಿಯಲ್ಲಿ ಇದಕ್ಕೆ ಸಲೀಸಾದ ಉತ್ತರವಿಲ್ಲ, ಕಾರ್ಯಕರ್ತೆಯ ಚಾತುರ್ಯದಲ್ಲಿದೆ. ಪ್ರತಿ ಮಗುವಿನ ಮಾತಿನಲ್ಲಿ ನೀರು, ಹಸಿವು, ಮೂತ್ರ, ನೋವು, ಅಮ್ಮ ಇಷ್ಟನ್ನು ತಾಯಂದಿರಿಂದ ಕೇಳಿ ಗೋಡೆಯ ಮೇಲೆ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುವುದು ಮೊದಲ ವಾರದ ಕೆಲಸ. ‘ಪಾನಿ’ ಎಂದ ಮಗುವಿಗೆ ‘ಪಾನಿ ಬೇಕಾ? ನೀರು ತಗೋ’ ಎಂದರೆ ಬಾಯಾರಿಕೆಯೂ ತೀರುತ್ತದೆ, ಕನ್ನಡವೂ ಸಿಗುತ್ತದೆ. ‘ಕನ್ನಡದಲ್ಲಿ ಹೇಳು’ ಎಂದು ಲೋಟ ಹಿಡಿದು ನಿಂತರೆ ಎರಡೂ ಇಲ್ಲ. ಆದಿವಾಸಿಗಳ ಹಾಡಿಯಿಂದ ಬರುವ ಮಗು ತಿಂಗಳುಗಟ್ಟಲೆ ಮಾತಾಡದೆ ಕೂತಿದ್ದರೆ ಕೂಡಲೇ ವಿಳಂಬ ಎಂದು ಬರೆಯಬಾರದು. ಅದು ತನ್ನ ಅಕ್ಕನ ಜೊತೆ ಅಂಗಳದಲ್ಲಿ ಹೇಗೆ ಮಾತಾಡುತ್ತದೆ ಎಂದು ಮೊದಲು ಕೇಳಿಸಿಕೊಳ್ಳಬೇಕು.

ಓದು ಮುಂದುವರಿಸುವವರಿಗೆ

ಈಗಿನ ನೇಮಕಾತಿಯಲ್ಲಿ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಬೇಕು. ಶಿಕ್ಷಣ ನೀತಿಯ ಪ್ರಕಾರ ಪಿಯುಸಿ ಮತ್ತು ಹೆಚ್ಚು ಓದಿದ ಕಾರ್ಯಕರ್ತೆಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಮೊಬೈಲ್, ಟಿ.ವಿ. ವಾಹಿನಿಗಳ ಮೂಲಕ ಓದು, ತಿಂಗಳಿಗೆ ಒಂದಾದರೂ ಮುಖಾಮುಖಿ ತರಗತಿ, ಶಾಲಾ ಶಿಕ್ಷಣ ಇಲಾಖೆಯ ಕ್ಲಸ್ಟರ್ ಕೇಂದ್ರದ ಮಾರ್ಗದರ್ಶನ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಶಿಶು ಶಿಕ್ಷಣ ಡಿಪ್ಲೊಮಾಕ್ಕೂ ಪಿಯುಸಿ ಸಾಕು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಇರುವುದು ಕೂಡಿಗೆಯಲ್ಲಿ. ಕುಟ್ಟದ ಕಾರ್ಯಕರ್ತೆಗೆ ಅದು ಜಿಲ್ಲೆಯ ಇನ್ನೊಂದು ತುದಿ, ಆದ್ದರಿಂದ ಮುಖಾಮುಖಿ ತರಗತಿ ಎಲ್ಲಿ ನಡೆಯುತ್ತದೆ ಎಂದು ಕೇಳಿಯೇ ಅರ್ಜಿ ತುಂಬಿ.

ಓದು ಹೆಚ್ಚಾದರೆ ಗೌರವಧನ ಹೆಚ್ಚುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ. ಗೌರವಧನ ಎಂಬ ಹೆಸರಿನಲ್ಲಿ ಕೊಡುತ್ತ ವೃತ್ತಿಪರತೆಯನ್ನು ನಿರೀಕ್ಷಿಸುವ ವ್ಯವಸ್ಥೆಯಲ್ಲಿ ಕುಂದಿದೆ. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಕಾರ್ಯಕರ್ತೆಯರೂ ಸಹಾಯಕಿಯರೂ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಹಣಕ್ಕೆ ಅರ್ಹರು ಎಂದು ತೀರ್ಪು ಕೊಟ್ಟಿತು. ಪರೀಕ್ಷೆಗೂ ಇದನ್ನು ನೆನಪಿಡಿ, ನಿಮಗಾಗಿಯೂ ನೆನಪಿಡಿ.

ವೃತ್ತ ಸಭೆಯ ಅರ್ಧ ಗಂಟೆ

ಒಬ್ಬ ಮೇಲ್ವಿಚಾರಕಿಯ ಕೈಕೆಳಗಿನ ಕೇಂದ್ರಗಳವರು ಸೇರುವ ತಿಂಗಳ ವೃತ್ತ ಸಭೆಯಲ್ಲಿ ವರದಿ ಒಪ್ಪಿಸುವುದಕ್ಕೇ ಹೊತ್ತು ಸಾಲುವುದಿಲ್ಲ, ನಿಜ. ಆದರೂ ಮೇಲ್ವಿಚಾರಕಿಯನ್ನು ಕೇಳಿಕೊಂಡು ಅರ್ಧ ಗಂಟೆ ಬೇರೆ ಇಡಿಸಿಕೊಳ್ಳಿ. ಇಬ್ಬರು ತಮ್ಮ ಗಮನದ ಪುಸ್ತಕದಿಂದ ಒಂದೊಂದು ಮಗುವಿನ ಬಗ್ಗೆ ಓದಲಿ, ಮಗುವಿನ ಹೆಸರು ಹೇಳದೆ. ಉಳಿದವರು ಸಲಹೆ ಕೊಡುವ ಮೊದಲು ಪ್ರಶ್ನೆ ಮಾತ್ರ ಕೇಳಲಿ. ಹತ್ತಿರದ ಕೇಂದ್ರಗಳ ಇಬ್ಬಿಬ್ಬರು ಜೋಡಿಯಾಗಿ ಮುಂದಿನ ಸಭೆಯೊಳಗೆ ಒಬ್ಬರ ಕೇಂದ್ರಕ್ಕೆ ಇನ್ನೊಬ್ಬರು ಒಂದು ಬೆಳಿಗ್ಗೆ ಹೋಗಿ ಕೂರುವುದು ಇದರ ಮುಂದಿನ ಹೆಜ್ಜೆ. ಕಾಲ ನೋಡಿ ಯೋಜಿಸಿ: ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವಾಗ ಬೀಳುತ್ತದೋ ಹೇಳಲಾಗದು, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲಿಗೆ ಹೊಸ ಕುಟುಂಬಗಳು ಬರುತ್ತವೆ, ಹಳೆಯವು ತೋಟ ಬದಲಿಸುತ್ತವೆ. ಜೋಡಿ ಭೇಟಿಗೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳು ಒಳ್ಳೆಯವು. ಕೊಯ್ಲಿನ ಹೊತ್ತಿಗೆ ಹೊಸ ಮಗು ಬಾಗಿಲಲ್ಲಿ ನಿಂತಾಗ ಗೋಡೆಯ ಮೇಲಿನ ಮಾತುಗಳ ಪಟ್ಟಿಯೂ, ಸಹಾಯಕಿಗೆ ಕಲಿಸಿದ ಅಳತೆಯೂ ತಯಾರಿರುತ್ತವೆ.