ಕಣ್ಣು ಬರೆಯೋಕೆ ಮೂರು ಸೊನ್ನೆ ಬ್ರಷ್ ಬೇಕಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬಣ್ಣ ಹಚ್ಚಲು ಹೊರಟ ಪುಟ್ಟ ಆಟದ ಗೊಂಬೆ ಮಾತ್ರ ಬೇರೆ ಬೇರೆ. ಒಬ್ಬರದು ವಾರ್‌ಹ್ಯಾಮರ್ ಅನ್ನುವ ಯುದ್ಧದಾಟದ ಸೈನಿಕ, ಇನ್ನೊಬ್ಬರದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ತಂದ ಮಂತ್ರವಾದಿ. ಪ್ರಶ್ನೆ ಒಂದೇ: "ಸರ್, ಮುಖ ಹೆಸರುಕಾಳಿನಷ್ಟಿದೆ. ಕಣ್ಣು ಬರೆಯೋಕೆ ಮೂರು ಸೊನ್ನೆ ಬ್ರಷ್ ಸಾಕಾ, ಐದು ಸೊನ್ನೆದು ತರಲಾ?"

ಎರಡೂ ಬೇಡ. ಒಂದನೇ ನಂಬರ್ ತನ್ನಿ. ಎರಡನೇ ನಂಬರಾದರೂ ನಡೆಯುತ್ತದೆ. ಬ್ರಷ್ ಸೈಜಿನಲ್ಲಿ ಸೊನ್ನೆ ಹೆಚ್ಚಿದಷ್ಟೂ ಬ್ರಷ್ ಸಣ್ಣ, ಒಂದು, ಎರಡು ಅಂತ ನಂಬರ್ ಏರಿದಷ್ಟೂ ದಪ್ಪ.

ಯಾರೂ ನಂಬುವುದಿಲ್ಲ. "ಅಷ್ಟು ದಪ್ಪದ್ದಾ?" ಅಂತ ಕೇಳಿ, ನೇರ ಹೋಗಿ ಸೊನ್ನೆಗಳನ್ನೇ ಕೊಂಡುಬರುತ್ತಾರೆ. ಆದ್ದರಿಂದ ಈ ಸಲ ಬಿಡಿಸಿ ಹೇಳುತ್ತೇನೆ.

ಗೆರೆ ಎಷ್ಟು ತೆಳ್ಳಗೆ ಬರುತ್ತದೆ ಅನ್ನುವುದನ್ನು ಬ್ರಷ್‌ನ ತುದಿ ನಿರ್ಧರಿಸುತ್ತದೆ. ಅದರ ಹೊಟ್ಟೆ, ಅಂದರೆ ಕೂದಲಿನ ಕಟ್ಟಿನ ನಡುಭಾಗ, ದಪ್ಪ ಇದ್ದರೆ ಗೆರೆ ದಪ್ಪ ಆಗುವುದಿಲ್ಲ. ಹೊಟ್ಟೆಯ ಕೆಲಸ ಬಣ್ಣ ಹಿಡಿದಿಟ್ಟುಕೊಂಡು ತುದಿಗೆ ಇಳಿಸುತ್ತಾ ಇರುವುದು. ಸಣ್ಣ ಅಕ್ಷರ ಬರೆಯಬೇಕು ಅಂತ ಇಂಕು ಕಮ್ಮಿ ಹಿಡಿಯುವ ಪೆನ್ನು ಹುಡುಕುತ್ತೀರಾ? ನಿಬ್ಬು ನೋಡುತ್ತೀರಿ, ಅಲ್ವಾ?

ಮೂರು ಸೊನ್ನೆಯಲ್ಲಿ ಇರುವುದು ನಾಲ್ಕೆಳೆ ಕೂದಲು. ನಾವು ಹಚ್ಚುವುದು ಅಕ್ರಿಲಿಕ್ ಬಣ್ಣ. ಮೇಲೆ ಫ್ಯಾನ್ ತಿರುಗುತ್ತಿದೆ, ಹೊರಗೆ ಮಾರ್ಚ್ ತಿಂಗಳ ಬಿಸಿಲು. ಬ್ರಷ್ ಅದ್ದಿ, ಗೊಂಬೆ ಎತ್ತಿ, ಉಸಿರು ಬಿಗಿಹಿಡಿದು ಕಣ್ಣಿನ ಹತ್ತಿರ ತರುವಷ್ಟರಲ್ಲಿ ತುದಿ ಒಣಗಿರುತ್ತದೆ. ಮುಟ್ಟಿಸಿದರೆ ಬಣ್ಣ ಬರಲ್ಲ. ಸ್ವಲ್ಪ ಒತ್ತುತ್ತೀರಿ. ತುದಿ ಎರಡಾಗಿ ಸೀಳುತ್ತದೆ. ಗೊಂಬೆಗೆ ಮದ್ರಾಸ್ ಐ ಬಂದಂತಾಗುತ್ತದೆ. ಆಮೇಲೆ "ನನ್ನ ಕೈ ನಡುಗುತ್ತೆ ಸರ್" ಅಂತ ಬೇಜಾರು ಮಾಡಿಕೊಳ್ಳುತ್ತೀರಿ. ಕೈಯದೇನೂ ತಪ್ಪಿಲ್ಲ.

ವಿನ್ಸರ್ ಅಂಡ್ ನ್ಯೂಟನ್ ಕಂಪನಿಯ ಸೀರೀಸ್ 7 ಬ್ರಷ್ ಹೆಸರನ್ನು ನೀವು ಕೇಳಿರಬಹುದು. 1866ರಲ್ಲಿ ವಿಕ್ಟೋರಿಯಾ ರಾಣಿಗೆ ಜಲವರ್ಣಕ್ಕೆ ಅಂತ ಮಾಡಿಕೊಟ್ಟದ್ದು. ಆಕೆಗೆ ಇಷ್ಟವಾದ ಸೈಜು ಏಳು. ಅದಕ್ಕೇ ಆ ಹೆಸರು. ಸೊನ್ನೆ ಅಲ್ಲ, ಏಳು! ಗೊಂಬೆಗೆ ಏಳನೇ ನಂಬರ್ ಹಿಡಿಯಿರಿ ಅನ್ನುತ್ತಿಲ್ಲ. ಒಳ್ಳೆಯ ಬ್ರಷ್‌ನ ಬೆಲೆ ಇರುವುದು ಅದರ ಮೊನೆಯಲ್ಲಿ ಅಂತ ಹೇಳುತ್ತಿದ್ದೇನೆ, ಅಷ್ಟೇ.

ಮೊನೆ ನೋಡುವುದೂ ಸುಲಭ. ಹೊಸ ಬ್ರಷ್‌ಗೆ ಗೋಂದು ಹಚ್ಚಿರುತ್ತಾರೆ, ಅಂಗಡಿಯಲ್ಲಿ ಎಲ್ಲವೂ ಸೂಜಿಯಂತೆಯೇ ಕಾಣುತ್ತವೆ. ಒಂದು ಲೋಟ ನೀರು ಕೇಳಿ. ಅದ್ದಿ, ಗೋಂದು ಬಿಡಿಸಿ, ಒಮ್ಮೆ ಕೊಡವಿ. ಕೂದಲೆಲ್ಲ ತಾನಾಗಿ ಒಂದೇ ಮೊನೆಗೆ ಸೇರಿದರೆ ತಗೊಳ್ಳಿ.

ನಾನೂ ಶುರುವಿನಲ್ಲಿ ಹನ್ನೆರಡು ಸಣ್ಣ ಬ್ರಷ್‌ಗಳ ಸೆಟ್ ತಂದಿದ್ದೆ. ಈಗ ಅದರಲ್ಲೊಂದು ಅಮ್ಮನ ಹೊಲಿಗೆ ಮಿಷನ್ನಿನ ಧೂಳು ತೆಗೆಯುತ್ತಿದೆ. ಉಳಿದವು ಎಲ್ಲಿವೆಯೋ ಗೊತ್ತಿಲ್ಲ.

ಇನ್ನು ಕಣ್ಣು. ಮುಖಕ್ಕೆ ಮುಂಚೆ ಕಣ್ಣು ಬರೆಯಿರಿ. ಗೊಂಬೆಯನ್ನು ಖಾಲಿ ಮಾತ್ರೆ ಡಬ್ಬಿಗೆ ಅಂಟಿಸಿ, ಎರಡೂ ಮಣಿಕಟ್ಟು ಒಂದಕ್ಕೊಂದು ಆನಿಸಿ, ಮೊಣಕೈ ಮೇಜಿನ ಮೇಲೆ ಊರಿ. ಬಣ್ಣ ಹಾಲಿನಷ್ಟು ತೆಳ್ಳಗಿರಲಿ. ಮಾಸಲು ಬಿಳಿಯಲ್ಲಿ ಅಡ್ಡ ಗೆರೆ ಎಳೆಯಿರಿ, ಅಂಚು ದಾಟಿದರೆ ದಾಟಲಿ. ಅದರ ಮೇಲೆ ಕಪ್ಪು ಚುಕ್ಕೆ ಇಡಲು ಹೋಗಬೇಡಿ, ಹುಬ್ಬಿನಿಂದ ಕೆನ್ನೆಗೆ ಸಣ್ಣ ಉದ್ದಗೆರೆ ಎಳೆಯಿರಿ. ಈಗ ನೋಡೋಕೆ ಭಯಂಕರವಾಗಿರುತ್ತದೆ. ಹೆದರಬೇಡಿ. ಒಣಗಿದ ಮೇಲೆ ಚರ್ಮದ ಬಣ್ಣದಿಂದ ಮೇಲೆ, ಕೆಳಗೆ ಮುಚ್ಚುತ್ತಾ ಬನ್ನಿ. ಕಣ್ಣು ಎಷ್ಟು ಬೇಕೋ ಅಷ್ಟೇ ಉಳಿಯುತ್ತದೆ. ಆಹಾ, ಆ ಕ್ಷಣ ಗೊಂಬೆ ನಿಮ್ಮನ್ನು ತಿರುಗಿ ನೋಡುತ್ತದೆ! ಮತ್ತೆ, ಫ್ಯಾನ್ ಆಫ್ ಮಾಡಿ ಮಾರಾಯ್ರೆ.

ಬಣ್ಣ ಒಣಗದಿರಲು ಊಟದ ಡಬ್ಬಿಯಲ್ಲಿ ಒದ್ದೆ ಟಿಶ್ಯೂ, ಅದರ ಮೇಲೆ ಬಟರ್ ಪೇಪರ್. ಅದೇ ವೆಟ್ ಪ್ಯಾಲೆಟ್, ಅಂದರೆ ಬಣ್ಣ ಕಲಸುವ ಒದ್ದೆ ತಟ್ಟೆ. ದುಡ್ಡು ಕೊಟ್ಟು ತರಬೇಡಿ.

ಯಾರೂ ಕೇಳದಿದ್ದರೂ ಕೂದಲಿನ ವಿಷಯ ಒಂದು ಹೇಳಬೇಕು. ಸೀರೀಸ್ 7ರದ್ದು ಕೊಲಿನ್ಸ್ಕಿ, ಅಂದರೆ ಸೈಬೀರಿಯಾ ಕಡೆಯ ವೀಸೆಲ್ ಅನ್ನುವ ಪ್ರಾಣಿಯ ಬಾಲದ ಕೂದಲು. ಬೆಲೆ ಜಾಸ್ತಿ. ಹೋದ ವರ್ಷ ಒಂದು ಅಂಗಡಿಯಲ್ಲಿ "ಅದಕ್ಕಿಂತ ಚೀಪು, ಅಷ್ಟೇ ಚೆನ್ನಾಗಿದೆ" ಅಂತ ದನಿ ತಗ್ಗಿಸಿ ಇನ್ನೊಂದು ತೋರಿಸಿದರು. ತುದಿ ಗಾಢ ಕಂದು, ನಡುವೆ ಕೆನೆ ಬಣ್ಣದ ಪಟ್ಟೆ. ಮುಂಗುಸಿ ಕೂದಲು. ನಮ್ಮ ಹಿತ್ತಲಲ್ಲಿ ಓಡಾಡುವ ಅದೇ ಮುಂಗುಸಿ. ಅದನ್ನು ಕೊಂದೇ ಕೂದಲು ತೆಗೆಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಮಾರುವುದು ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ 'ಆಪರೇಷನ್ ಕ್ಲೀನ್ ಆರ್ಟ್' ಅಂತ ಹೆಸರಿಟ್ಟು ಇದಕ್ಕಾಗಿಯೇ ದೇಶದ ಹಲವೆಡೆ ದಾಳಿ ಮಾಡಿತ್ತು. ಅದೇ ಪಟ್ಟೆ ಇರುವ ಸಿಂಥೆಟಿಕ್ ಬ್ರಷ್‌ಗಳೂ ಬರುತ್ತವೆ, ಲೇಬಲ್ ಓದಿ.

ನಾನು ಒಂದನೇ ನಂಬರಿನ ಸಿಂಥೆಟಿಕ್ ತಂದೆ. ಒಂದೆರಡು ತಿಂಗಳಿಗೆ ಇದರ ತುದಿ ಕೊಕ್ಕೆಯ ಹಾಗೆ ಬಾಗುತ್ತದೆ. ಬಿಸಿನೀರಲ್ಲಿ ಅದ್ದಿ ಬೆರಳಲ್ಲಿ ನೀವಿದರೆ ಇನ್ನೊಂದಿಷ್ಟು ದಿನ ದುಡಿಯುತ್ತದೆ.